ಕೋಲು ನೆಟ್ಟಗೇ ಇತ್ತು

ಸೆಪ್ಟೆಂಬರ್ 1

ಮಹಡಿ ಮೇಲೆ ಒಂದು ಮೀಟರ್ ಎತ್ತರದ ಕಬ್ಬಿಣದ ಕೋಲು ನೆಟ್ಟಾಯ್ತು. ಬುಡದಿಂದ ಉತ್ತರ-ದಕ್ಷಿಣವಾಗಿ ಒಂದು ಗೆರೆ ಎಳೆದೆ. ಇವತ್ತು ನೆರಳು ಆ ಗೆರೆ ಮುಟ್ಟಿದಾಗ ಗಡಿಯಾರ ನೋಡಿಕೊಂಡಿದ್ದೇನೆ. ಇನ್ನು ವಾರಕ್ಕೊಮ್ಮೆ ಸರಿಯಾಗಿ ಅದೇ ಹೊತ್ತಿಗೆ ಬಂದು ಒಂದು ಚುಕ್ಕೆ ಇಡುವುದು. ನೆರಳು ಗೆರೆ ಮೇಲೇ ಉದ್ದ-ಗಿಡ್ಡ ಆಗುತ್ತಾ ಹೋಗುತ್ತದೆ ಅಂತ ನನ್ನ ಲೆಕ್ಕ.

ಸೆಪ್ಟೆಂಬರ್ 15

ನೆರಳಿನ ತುದಿ ಎಲ್ಲಿ ಅಂತಲೇ ಗೊತ್ತಾಗುತ್ತಿಲ್ಲ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಒಂದು ಮೀಟರ್ ದೂರಕ್ಕೆ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರ್ ಮಸುಕಾಗುತ್ತದೆ. ಕೋಲಿನ ತಲೆಗೆ ತೂತಿರುವ ತಗಡಿನ ಬಿಲ್ಲೆ ಸಿಕ್ಕಿಸಿದೆ. ಈಗ ನೆರಳಿನ ನಡುವೆ ಸೂರ್ಯನದೇ ಪುಟ್ಟ ಬಿಂಬ ಬೀಳುತ್ತದೆ, ಅದರ ಮಧ್ಯಕ್ಕೆ ಗುರುತು. ಅಂದಹಾಗೆ, ತೂತು ಚೌಕಾಕಾರ, ಬಿಂಬ ಮಾತ್ರ ಗುಂಡಗಿದೆ.

ಅಕ್ಟೋಬರ್ 13

ಚುಕ್ಕೆಗಳು ಗೆರೆ ಬಿಟ್ಟು ಪೂರ್ವಕ್ಕೆ ಜಾರುತ್ತಿವೆ. ಇವತ್ತು ಆರು ಸೆಂಟಿಮೀಟರ್ ಆಚೆ! ಕೋಲು ವಾಲಿರಬೇಕು. ತೂಗುಗುಂಡು ಬಿಟ್ಟು ನೋಡಿದರೆ ನೆಟ್ಟಗೇ ಕಾಣುತ್ತದೆ. ಗುಂಡಿನ ದಾರದ ಮೇಲೆ ನಂಬಿಕೆ ಬರಲಿಲ್ಲ. ಬುಡಕ್ಕೆ ಒಂದು ಮರದ ಚಕ್ಕೆ ಕೊಟ್ಟು ಬಿಂಬವನ್ನು ಗೆರೆಗೆ ತಂದೆ.

ಡಿಸೆಂಬರ್ 8

ಈಗ ಪಶ್ಚಿಮಕ್ಕೆ ಹೋಗಿದೆ. ವಾಲಿದ ಕೋಲು ಒಂದು ಕಡೆ ವಾಲಬೇಕು, ಎರಡೂ ಕಡೆ ಅಲ್ಲ, ಅಲ್ವಾ? ಕೂತು ಓದಿದ ಮೇಲೆ ಗೊತ್ತಾಯ್ತು, ತಪ್ಪು ಕೋಲಿನದಲ್ಲ.

ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸುವುದು 23 ಗಂಟೆ 56 ನಿಮಿಷದಲ್ಲಿ. ಅಷ್ಟರಲ್ಲಿ ಅದು ಸೂರ್ಯನ ಸುತ್ತ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯನನ್ನು ಮತ್ತೆ ಗೆರೆಗೆ ತರಲು ಇನ್ನೊಂದು ಚೂರು ತಿರುಗಬೇಕು, ಅದೇ ಉಳಿದ ನಾಲ್ಕು ನಿಮಿಷ. ಆದರೆ ಆ ಚೂರು ದಿನವೂ ಒಂದೇ ಇರಲ್ಲ. ಜನವರಿ ಮೊದಲಲ್ಲಿ ಭೂಮಿ ಸೂರ್ಯನಿಗೆ ಹತ್ತಿರ, ಸೆಕೆಂಡಿಗೆ 30.3 ಕಿಲೋಮೀಟರ್ ಓಟ. ಜುಲೈನಲ್ಲಿ ದೂರ, 29.3. ಇದರ ಜೊತೆಗೆ ಭೂಮಿಯ ಅಕ್ಷದ 23.4 ಡಿಗ್ರಿ ಓರೆ ಬೇರೆ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಸೂರ್ಯನ ನಡೆ ಸ್ವಲ್ಪ ಉತ್ತರ-ದಕ್ಷಿಣಕ್ಕೂ ಖರ್ಚಾಗುತ್ತದೆ. ಜೂನ್, ಡಿಸೆಂಬರ್‌ನಲ್ಲಿ ಪೂರ್ತಿ ಪೂರ್ವಕ್ಕೇ. ಡಿಸೆಂಬರ್ ಕೊನೆಯಲ್ಲಿ ಎರಡೂ ಸೇರಿ ಒಂದು ಮಧ್ಯಾಹ್ನದಿಂದ ಇನ್ನೊಂದಕ್ಕೆ 24 ಗಂಟೆಗಿಂತ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ದಿನಕ್ಕೆ ಅರ್ಧ ನಿಮಿಷ ಅಂದರೆ ಸುಮ್ನೆ ಅಲ್ಲ. ನವೆಂಬರ್ ಮೊದಲ ವಾರ ಸೂರ್ಯ ಗಡಿಯಾರಕ್ಕಿಂತ 16 ನಿಮಿಷ ಮುಂದಿದ್ದ. ಅದಕ್ಕೇ ಬಿಂಬ ಪೂರ್ವಕ್ಕೆ ಜಾರಿತ್ತು. ಆ ಗಂಟನ್ನು ಈಗ ಕರಗಿಸುತ್ತಿದ್ದಾನೆ, ನಾನು ಚಕ್ಕೆ ಕೊಟ್ಟು ಸರಿಸಿದ್ದ ಬಿಂಬ ಗೆರೆ ದಾಟಿ ಪಶ್ಚಿಮಕ್ಕೆ ಬಿತ್ತು.

ಚಕ್ಕೆ ಕಿತ್ತೆಸೆದೆ. ಎಂಟು ವಾರದ ಚುಕ್ಕೆ ಹಾಳು. ಮುಂದಿನ ವರ್ಷ ಅಷ್ಟನ್ನು ಮತ್ತೆ ಹಾಕಬೇಕು.

ಡಿಸೆಂಬರ್ 15, ಹುಣ್ಣಿಮೆ

ರಾತ್ರಿ ನಿದ್ದೆ ಬರದೆ ಮೇಲೆ ಹೋದೆ. ಚಂದ್ರ ಬಹಳ ಮೇಲಿದ್ದ. ಬಿಲ್ಲೆಯ ನೆರಳು ಗೆರೆ ಮೇಲೆ ಬರುವ ತನಕ ಕಾದು ಅಲ್ಲಿ, ಕೋಲಿನ ದಕ್ಷಿಣಕ್ಕೆ, ಒಂದು ನೀಲಿ ಚುಕ್ಕೆ ಇಟ್ಟೆ. ನನ್ನ ಯಾವ ಚುಕ್ಕೆಯೂ ಇನ್ನೂ ಆ ಕಡೆಗೆ ಹೋಗಿಲ್ಲ.

ಡಿಸೆಂಬರ್ 25

ವಾರದ ಪಾಳಿ ಅಲ್ಲ, ಆದರೂ ನೋಡಿದೆ. ಬಿಂಬ ಗೆರೆ ಮೇಲೇ ಕೂತಿದೆ. ಕೋಲಿಗೆ ಮನಸ್ಸಲ್ಲೇ ಕ್ಷಮೆ ಕೇಳಿದೆ.

ಫೆಬ್ರವರಿ 9

ಪಶ್ಚಿಮಕ್ಕೆ ಆರು ಸೆಂಟಿಮೀಟರ್‌ಗಿಂತ ಜಾಸ್ತಿ. ಸೂರ್ಯ 14 ನಿಮಿಷ ತಡ. ಈ ಸಲ ಏನನ್ನೂ ಮುಟ್ಟಲಿಲ್ಲ.

ಏಪ್ರಿಲ್ 13

ವಾಪಸ್ ಗೆರೆಗೆ. ವರ್ಷದ ಚುಕ್ಕೆಗಳೆಲ್ಲ ಸೇರಿದರೆ 8ರ ಆಕಾರ ಆಗುತ್ತದೆ, ಆ ಎಂಟರ ಸೊಂಟ ಇಲ್ಲೇ. ಆಗಸ್ಟ್ ಕೊನೆಗೆ ಇನ್ನೊಂದು ಎಳೆ ಇದನ್ನೇ ದಾಟಬೇಕು.

ಜೂನ್ 22

ಮಾರ್ಚ್‌ನಲ್ಲಿ ವಾರಕ್ಕೆ ಐದು ಸೆಂಟಿಮೀಟರ್ ದಾಟಿ ಓಡುತ್ತಿದ್ದ ಬಿಂಬ ಈಗ ಕದಲುತ್ತಲೇ ಇಲ್ಲ. ನಿಂತಿದ್ದು ಎಲ್ಲಿ ಗೊತ್ತಾ? ಡಿಸೆಂಬರ್‌ನ ನೀಲಿ ಚುಕ್ಕೆಗೆ ನಾಲ್ಕೈದು ಬೆರಳು ಈಚೆ. ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರು ಇರುತ್ತಾನೆ, ಹಾಗಾಗಿ ಡಿಸೆಂಬರ್‌ನಲ್ಲಿ ಅವನು ಜೂನ್ ಸೂರ್ಯನ ದಾರಿ ಹಿಡಿದಿದ್ದ. ನಡುವಿನ ಆ ಬೆರಳುಗಳು ಚಂದ್ರನ ದಾರಿ 5 ಡಿಗ್ರಿ ಓರೆಯಾಗಿರುವ ಲೆಕ್ಕ. ಆ ಓರೆ 18.6 ವರ್ಷಕ್ಕೊಮ್ಮೆ ಒಂದು ಸುತ್ತು ತಿರುಗುತ್ತದಂತೆ. ನೀಲಿ ಬಣ್ಣದ ಡಬ್ಬಿ ಎತ್ತಿಟ್ಟಿದ್ದೇನೆ.