ಚದರ ಅಡಿ ಒಂದೇ, ಸುತ್ತಳತೆ ಬೇರೆ

ಮನೆ ಕಟ್ಟಿಸುವವರಿಗೆ ಖರ್ಚಿನ ಅಂದಾಜು ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರಿಗೆ ತಮ್ಮ ಸೈಟು ಎಷ್ಟು ಚದರ ಅಡಿ ಎಂಬುದು ಬಾಯಿಪಾಠವಾಗಿರುತ್ತದೆ. ಸುತ್ತಳತೆ ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಬೆಲೆ ಕುದುರುವುದು ಚದರ ಅಡಿಯ ಮೇಲೆ, ಸರಿ. ಆದರೆ ಪಾಯ ತೋಡಲು ಇಳಿದ ಮೇಲೆ ಸುತ್ತಳತೆಯೂ ತನ್ನ ಪಾಲು ಕೇಳುತ್ತದೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ 30×40ರ ಸೈಟನ್ನೇ ನೋಡಿ: 1200 ಚದರ ಅಡಿ. 20×60ರದೂ 1200. ಮೊದಲನೆಯದರ ಸುತ್ತಳತೆ 140 ಅಡಿ, ಎರಡನೆಯದರದು 160. ಕಾಂಪೌಂಡ್ ಗೋಡೆಯೇ 20 ಅಡಿ ಹೆಚ್ಚು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಸುತ್ತ ಜಾಗ ಬಿಡಬೇಕಲ್ಲ! ಎಷ್ಟು ಬಿಡಬೇಕೆಂಬ ನಿಯಮ ಸೈಟಿನ ಅಳತೆಗೆ ತಕ್ಕಂತೆ ಬದಲಾಗುತ್ತದೆ. ಲೆಕ್ಕಕ್ಕೆ ನಾಲ್ಕೂ ಕಡೆ 3 ಅಡಿ ಎಂದಿಟ್ಟುಕೊಳ್ಳೋಣ. 30×40ರಲ್ಲಿ ಉಳಿಯುವುದು 24×34, ಅಂದರೆ 816 ಚದರ ಅಡಿ. 20×60ರಲ್ಲಿ 14×54, ಅಂದರೆ 756. ಒಂದೇ ಬೆಲೆ ಕೊಟ್ಟು ಕೊಂಡವರಲ್ಲಿ ಒಬ್ಬರಿಗೆ 60 ಚದರ ಅಡಿ, ಒಂದು ಅಡುಗೆಮನೆಯಷ್ಟು ಜಾಗ ಕಡಿಮೆ. ಹೋಗುವ ಜಾಗವನ್ನು ನೇರವಾಗಿಯೂ ಲೆಕ್ಕ ಹಾಕಬಹುದು: ಸುತ್ತಳತೆಯನ್ನು 3ರಿಂದ ಗುಣಿಸಿ, ಎರಡೆರಡು ಸಲ ಎಣಿಕೆಗೆ ಬಂದ ನಾಲ್ಕು ಮೂಲೆಗಳ 36 ಕಳೆಯಿರಿ. 140ಕ್ಕೆ 384, 160ಕ್ಕೆ 444.

ಕೆಲವರು ಕ್ರಯಪತ್ರ ತರುವುದಿಲ್ಲ. ಕಾಂಪೌಂಡ್ ಕಟ್ಟಿದ ಹಳೆಯ ಬಿಲ್ಲು ಇರುತ್ತದೆ, ಚದರ ಅಡಿ ನೆನಪಿರುತ್ತದೆ. ಅಷ್ಟು ಸಾಕು. ಸುತ್ತಳತೆ 160 ಎಂದಾದರೆ ಅದರ ಕಾಲು ಭಾಗ 40. ಅದರ ವರ್ಗ 1600, ಅದರಲ್ಲಿ 1200 ಕಳೆದರೆ 400, ಅದರ ವರ್ಗಮೂಲ 20. 40ಕ್ಕೆ 20 ಕೂಡಿಸಿದರೆ ಉದ್ದ, ಕಳೆದರೆ ಅಗಲ. ಸೈಟು ಆಯತಾಕಾರದ್ದಾಗಿದ್ದರೆ ಮಾತ್ರ, ಅಷ್ಟೇ.

ಆಯತ ಹೌದೋ ಅಲ್ಲವೋ ಎಂಬುದನ್ನು ಟೇಪು ಹಿಡಿದೇ ನೋಡಬೇಕು. ಚಕ್ಕುಬಂದಿಯಲ್ಲಿ ನಾಲ್ಕು ಬದಿಗಳ ಅಳತೆ ಸರಿಯಾಗಿದ್ದರೂ ಸೈಟು ವಾಲಿಕೊಂಡಿರಬಹುದು. 30×40ಕ್ಕೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 50 ಅಡಿ ಬರಬೇಕು. ಒಂದು ಕಡೆ 45 ಬಂದರೆ ಇನ್ನೊಂದು ಕಡೆ ಸುಮಾರು 54.5 ಬರುತ್ತದೆ, ಸುತ್ತಳತೆ ಅದೇ 140, ವಿಸ್ತೀರ್ಣ ಮಾತ್ರ ಸುಮಾರು 1176ಕ್ಕೆ ಇಳಿದಿರುತ್ತದೆ. ಮುಂಗಡ ಕೊಡುವ ಮೊದಲೇ ಅಳೆಯುವುದು ಒಳ್ಳೆಯದು.

ಇನ್ನು ಗೋಡೆಯ ಬಿಲ್ಲು. 9 ಅಂಗುಲ ದಪ್ಪದ ಗೋಡೆಯನ್ನು ಹೊರಗಿನಿಂದ ಅಳೆದರೆ 140 ಅಡಿ, ಗೋಡೆಯ ನಡುಗೆರೆಯಲ್ಲಿ ಅಳೆದರೆ 137. ಗೇಟಿನ ಅಗಲವನ್ನು ಇನ್ನೂ ಕಳೆಯಬೇಕು. ಯಾವ ಅಳತೆಗೆ ದುಡ್ಡು ಎಂಬುದನ್ನು ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿ, ಕರಾರಿನಲ್ಲಿ ಬರೆಸಿಬಿಡಿ.