ನೀಲಿ ಮಲ್ಲಿಗೆ ಯಾರು ಕೊಳ್ತಾರೆ: ನಮ್ಮ ಕಾರ್ಡಿನ ಕೆಲಸ ಎಲ್ಲಿಗೆ ಬಂತು

"ಮಾರ್ಚ್ ಮುಗಿಯೋ ಹೊತ್ತಿಗೆ ನೂರು ಕಾರ್ಡ್ ರೆಡಿ" ಅಂತ ಫೆಬ್ರವರಿಯಲ್ಲಿ ಜಂಬದಿಂದ ಬರೆದಿದ್ದೆ. ಈಗ ಜೂನ್. ಆಗಿರೋದು 41. ಅದರಲ್ಲೂ ನಾಚಿಕೆಯಿಲ್ಲದೆ ಯಾರ ಕೈಗಾದರೂ ಕೊಡಬಹುದಾದವು ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮಿಕ್ಕವನ್ನು ನಾನೇ ಪುಸ್ತಕದ ನಡುವೆ ಸೇರಿಸಿಕೊಂಡಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾವು ಏಳು ಜನ. ಮುಂಬಯಿ ಕಡೆಯ ಡೊಂಬಿವಲಿ, ಮುಲುಂಡ್, ಮಾಟುಂಗಾದವರು. ಇಬ್ಬರು ಫೋಟೋ ತೆಗೆಯುತ್ತಾರೆ, ಇಬ್ಬರು ಕವಿತೆ ಬರೆಯುತ್ತಾರೆ, ಒಬ್ಬಳು ಗೆರೆಚಿತ್ರ ಮಾಡುತ್ತಾಳೆ. ನಕ್ಷೆ ಬರೆಯೋ ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದ ಮಾವ ಒಬ್ಬರಿದ್ದಾರೆ. ಏಳನೆಯವನು ನಾನು, ಬಕೆಟ್ ಹೊರುವವನು. ಒಂದು ಕಾರ್ಡಿನಲ್ಲಿ ಫೋಟೋ, ಜೊತೆಗೆ ನಾಲ್ಕು ಸಾಲು ಇಲ್ಲವೇ ಒಂದು ಚಿತ್ರ. ನೋಡಿದವರ ಮನಸ್ಸು ಒಂದಿಷ್ಟು ಹಗುರ ಆಗಬೇಕು, ಅಷ್ಟೇ ಆಸೆ. ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿಡೋಕೆ ಅಂತ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಎದುರು ಎರಡು ಸಲ ಸೇರಿದ್ದೆವು. ಎರಡು ಸಲವೂ ಇಡ್ಲಿ ತಿಂದು ಮನೆಗೆ ಹೋದೆವು.

ಮನಸ್ಸು ಹಗುರ ಮಾಡೋದು ಅಂದುಕೊಂಡಷ್ಟು ಸುಲಭ ಅಲ್ಲ. ಮೊದಲ ತಿಂಗಳು ಬಂದ ಫೋಟೋಗಳೆಲ್ಲ ಮರೀನ್ ಡ್ರೈವ್ ಸೂರ್ಯಾಸ್ತ, ಗೇಟ್‌ವೇ ಪಾರಿವಾಳ. ಕವಿತೆಗಳಲ್ಲೆಲ್ಲ ಕತ್ತಲೆ ಕಳೆದು ಬೆಳಕು ಬರುತ್ತಿತ್ತು. ಒಂದೊಂದೂ ಚೆನ್ನಾಗೇ ಇತ್ತು, ಒಟ್ಟಿಗೆ ಹರಡಿದರೆ ಮಾತ್ರ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಮೆಸೇಜ್ ಥರ ಕಾಣುತ್ತಿತ್ತು. ಕವಿತೆ ಬರೆಯುವ ಟೀಚರ್ ಕೊನೆಗೆ ಒಂದು ಕಾನೂನು ಮಾಡಿದರು: ಸೂರ್ಯ, ಹಕ್ಕಿ, ಭರವಸೆ, ಮೂರಕ್ಕೂ ಮೂರು ತಿಂಗಳು ರಜೆ. ಎಲ್ಲರೂ ಗೊಣಗಿದರು. ಎರಡು ವಾರ ಏನೂ ಬರಲಿಲ್ಲ. ಆಮೇಲೆ ಬಂದದ್ದು ಲೋಕಲ್ ರೈಲಿನ ಹಿಡಿಕೆ ಹಿಡಿದ ಕೈಗಳು, ಇಸ್ತ್ರಿಯವನ ಗಾಡಿ ಕೆಳಗೆ ಮಲಗಿದ ನಾಯಿ, ಮಾಟುಂಗಾ ಸ್ಟೇಷನ್ ಹತ್ತಿರ ಹೂ ಕಟ್ಟುವ ಅಮ್ಮನ ಬೆರಳು. ಟೀಚರ್ ಬರೆದ ಈ ಐದು ಸಾಲೂ ಆಗಲೇ ಬಂದದ್ದು:

ಏಳು ಐವತ್ತೆರಡರ ಲೋಕಲ್.
ಒಂದೇ ಕಂಬಿ, ಐದು ಕೈ.
ಬಳೆಯೊಂದು ಜಾರಿ
ಪಕ್ಕದ ಕೈಗೆ ತಾಗಿತು.
ಎರಡೂ ನಕ್ಕವು.

ನನಗೆ ಇದು ಇಷ್ಟ. ಕೈ ಹೇಗೆ ನಗುತ್ತೆ ಅಂತ ಡ್ರಾಫ್ಟ್ಸ್‌ಮನ್ ಮಾವ ಇವತ್ತಿಗೂ ಕೇಳುತ್ತಾರೆ.

ಇನ್ನು ಅಚ್ಚಿನ ವಿಷಯ. ಪ್ರೆಸ್‌ಗೆ ಕೊಟ್ಟಿದ್ದರೆ ಒಂದೇ ದಿನದಲ್ಲಿ ನೂರು ಕಾರ್ಡ್ ಬರುತ್ತಿತ್ತು. ಕೈಯಲ್ಲೇ ಮಾಡೋಣ ಅಂತ ಸಯನೋಟೈಪ್‌ಗೆ ಇಳಿದೆವು. ಬಿಸಿಲಿನಲ್ಲಿ ಚಿತ್ರ ಮೂಡಿಸುವ ಹಳೇ ವಿಧಾನ ಇದು. ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಮರುವರ್ಷವೇ ಆನಾ ಅಟ್ಕಿನ್ಸ್ ಅನ್ನೋ ಹೆಣ್ಣುಮಗಳು ಕಡಲ ಪಾಚಿಯನ್ನು ಕಾಗದದ ಮೇಲೆ ಇಟ್ಟು ಅದರ ನೀಲಿ ಅಚ್ಚು ತೆಗೆಯೋಕೆ ಶುರು ಮಾಡಿದ್ದರು. ಕಟ್ಟಡಗಳ ಬ್ಲೂಪ್ರಿಂಟ್ ಅಂತಿದ್ದರಲ್ಲ, ಅದೂ ಇದೇ. ಇದನ್ನು ಹೇಳಿದರೆ ಮಾವ, "ನಮ್ಮ ಕಾಲಕ್ಕೆ ಅಮೋನಿಯಾ ಪ್ರಿಂಟ್ ಬಂದಿತ್ತಪ್ಪಾ, ರೂಮಿಗೆ ಕಾಲಿಟ್ಟರೆ ಕಣ್ಣಲ್ಲಿ ನೀರು" ಅಂತ ಶುರು ಮಾಡಿ ಅರ್ಧ ಗಂಟೆ ತಗೊಂಡರು.

ಬೇಕಾದದ್ದು ಎರಡು ಕಬ್ಬಿಣದ ಲವಣ, ನಮ್ಮ ಅಳತೆ ಹೀಗಿದೆ. ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, 100 ಮಿಲೀ ನೀರಿಗೆ. ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಇನ್ನೊಂದು 100 ಮಿಲೀಗೆ. ಬೇರೆ ಬೇರೆ ಕಂದು ಬಾಟಲಿಯಲ್ಲಿ ಇಟ್ಟು, ಬೇಕಾದಾಗ ಸಮಸಮ ಬೆರೆಸಿ ಕಾಗದಕ್ಕೆ ಬಳಿಯೋದು. ಬಳಿದು ಒಣಗಿಸೋದು ನಮ್ಮ ಬಾತ್‌ರೂಮಿನಲ್ಲಿ, ಮಂದ ಬಲ್ಬಿನ ಬೆಳಕಿನಲ್ಲಿ. ಒಣಗಿದಾಗ ಕಾಗದ ಹಳದಿ ಹಸಿರು. ಅದರ ಮೇಲೆ ಒಎಚ್‌ಪಿ ಶೀಟಿನಲ್ಲಿ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಪ್ರಿಂಟ್ ಮಾಡಿದ ನೆಗೆಟಿವ್, ಅದರ ಮೇಲೆ ಗಾಜು, ಆಮೇಲೆ ಟೆರೇಸ್. ಬಿಸಿಲು ತಾಗಿದ ಕಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಹಾಕಿದರೆ ಹಳದಿಯೆಲ್ಲ ಬಿಟ್ಟು ನೀಲಿ ಏಳುತ್ತದೆ. ಆ ಅರ್ಧ ನಿಮಿಷ ಏಳು ಜನರೂ ಟಬ್ ಮೇಲೆ ಬಗ್ಗಿ ನಿಂತಿರುತ್ತೇವೆ. ಎಷ್ಟು ಸಲ ನೋಡಿದರೂ ಅಷ್ಟೇ.

ಮೊದಲ ತಪ್ಪು ಕಾಗದದ್ದು. ಪೋಸ್ಟ್ ಆಫೀಸಿನ ಕಾರ್ಡಿನ ಮೇಲೇ ಮಾಡೋಣ, ಹಾಗೇ ಡಬ್ಬಿಗೆ ಹಾಕಬಹುದು ಅನ್ನೋದು ನನ್ನ ಐಡಿಯಾ. ಹತ್ತು ನಿಮಿಷ ತೊಳೆಯೋ ಹೊತ್ತಿಗೆ ಕಾರ್ಡು ನೆನೆದ ಹಪ್ಪಳ ಆಯಿತು. ಈಗ 300 ಜಿಎಸ್‌ಎಂನ ದಪ್ಪ ವಾಟರ್‌ಕಲರ್ ಕಾಗದ ತಂದು ಕತ್ತರಿಸುತ್ತೇವೆ. ದುಬಾರಿ, ಆದರೆ ನೀರಿನಲ್ಲಿ ಗಟ್ಟಿ ನಿಲ್ಲುತ್ತದೆ.

ಎರಡನೇದು ನಗೆಪಾಟಲು. ಅಚ್ಚಾದ ಬದಿ ಕಾಗದಕ್ಕೆ ತಾಗಿದರೆ ಅಂಚು ಚೂಪಾಗಿ ಬರುತ್ತೆ ಅಂತ ಯಾರೋ ಹೇಳಿದ್ದಕ್ಕೆ ಶೀಟನ್ನು ಮಗುಚಿ ಇಟ್ಟೆವು. ಹಾಗೆ ಇಡಬೇಕಾದರೆ ಮೊದಲೇ ಉಲ್ಟಾ ಪ್ರಿಂಟ್ ತೆಗೆಯಬೇಕು ಅನ್ನೋದು ಏಳು ತಲೆಗೂ ಹೊಳೆಯಲಿಲ್ಲ. ಆರು ಕಾರ್ಡಿನಲ್ಲಿ ಕವಿತೆ ಕನ್ನಡಿಯಲ್ಲಿ ಓದಬೇಕಾದ ಕನ್ನಡ.

ನಮ್ಮ ತಲೆ ಜಾಸ್ತಿ ತಿಂದದ್ದು ಮಾತ್ರ ಒತ್ತಕ್ಷರ. ನೀಲಿ ಮೇಲೆ ಬಿಳಿ ಅಕ್ಷರ ಬರಬೇಕು ಅಂದರೆ ಶೀಟಿನಲ್ಲಿ ಅಕ್ಷರ ಕಪ್ಪಗಿರಬೇಕು, ಬಿಸಿಲು ತಡೆಯಬೇಕು. ನಮ್ಮ ಪ್ರಿಂಟರಿನ ಕಪ್ಪು ಅಷ್ಟು ಗಟ್ಟಿ ಇಲ್ಲ. ಮೇಲಾಗಿ ಬಿಸಿಲು ಓರೆಯಾಗಿ ಬಿದ್ದರೆ ಶೀಟಿನ ಸಂದಿಯಲ್ಲಿ ನುಸುಳಿ ಸಣ್ಣ ಗೆರೆಗಳನ್ನು ತಿಂದುಹಾಕುತ್ತದೆ. ದೊಡ್ಡ ಅಕ್ಷರ ಉಳಿಯಿತು, ಕೆಳಗಿನ ಪುಟ್ಟ ಒತ್ತು ಹೋಯಿತು. ಟೀಚರ್ ಕವಿತೆಯ ಕೊನೆ ಸಾಲು "ಎರಡೂ ನಕವು" ಆಯಿತು. ಅವರು ಕಾರ್ಡ್ ಹಿಡಿದು ಸ್ವಲ್ಪ ಹೊತ್ತು ನೋಡಿ, "ಒತ್ತಿಲ್ಲದೆ ಯಾರೂ ನಗಲ್ಲ ಬಿಡಿ" ಅಂದರು. ಫಾಂಟ್ ದಪ್ಪ ಮಾಡಿದೆವು. ಎರಡು ಶೀಟ್ ಒಂದರ ಮೇಲೊಂದು ಇಟ್ಟೆವು. ಅಕ್ಷರಕ್ಕೆ ನೆರಳು ಬಿದ್ದ ಹಾಗಾಯಿತು. ಕೊನೆಗೆ ಮಾವ ಮಾರ್ಕರ್ ಪೆನ್ ತಗೊಂಡು ಶೀಟಿನ ಮೇಲೆ ಕೈಯಲ್ಲೇ ಬರೆದರು. ಮೂವತ್ತು ವರ್ಷ ನಕ್ಷೆಗಳಿಗೆ ಅಕ್ಷರ ಬರೆದ ಕೈ. ಒತ್ತುಗಳಿಗೆ ಬೇಕಾದಷ್ಟು ಜಾಗ ಬಿಟ್ಟು, ಒಂದೊಂದನ್ನೂ ಕುರ್ಚಿ ಹಾಕಿ ಕೂರಿಸಿದ ಹಾಗೆ ಕೂರಿಸಿದ್ದಾರೆ. ಈಗ ಎಲ್ಲ ಕಾರ್ಡಿಗೂ ಅವರ ಅಕ್ಷರವೇ.

ಗೆರೆಚಿತ್ರದ ಹುಡುಗಿಗೆ ಈ ತಾಪತ್ರಯ ಇಲ್ಲ. ಅವಳ ದೇವರು ಚಿತ್ರಕಾರ ಕೆ.ಕೆ. ಹೆಬ್ಬಾರರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಇಲ್ಲಿನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಇದೇ ಊರಲ್ಲಿ ಬಾಳಿದವರು. ಕೆಲವೇ ಗೆರೆಯಲ್ಲಿ ಕುಣಿಯುವ ಹೆಣ್ಣನ್ನು ನಿಲ್ಲಿಸುತ್ತಿದ್ದರು. ಇವಳು ಅದನ್ನು ನೋಡಿ ನೋಡಿ, ರೈಲಿನಲ್ಲಿ ನಿಂತೇ ಬರೆಯೋಕೆ ಕಲಿತಿದ್ದಾಳೆ. ಠಾಣೆ ದಾಟುವಾಗ ರೈಲು ಅಲುಗಿದ್ದು ಕೂಡ ಗೆರೆಯಲ್ಲಿ ಕಾಣುತ್ತದೆ, ಅಳಿಸಲ್ಲ.

ಮೇ ತಿಂಗಳು ನಮ್ಮ ಸುಗ್ಗಿ. ಫೆಬ್ರವರಿಯಲ್ಲಿ ಎಂಟು ಒಂಬತ್ತು ನಿಮಿಷ ಬೇಕಾಗುತ್ತಿದ್ದ ಬಿಸಿಲು ಮೇ ಮಧ್ಯಾಹ್ನಕ್ಕೆ ನಾಲ್ಕೇ ನಿಮಿಷ. 15ನೇ ತಾರೀಖಿನ ಆಸುಪಾಸು ಮುಂಬಯಿಯಲ್ಲಿ ಸೂರ್ಯ ನೆಟ್ಟಗೆ ನೆತ್ತಿ ಮೇಲೆ ಬರುತ್ತಾನಲ್ಲ, ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಬೆಳಕು ಓರೆಯಾಗಿ ನುಸುಳೋ ಪ್ರಶ್ನೆಯೇ ಇಲ್ಲ. ಆ ವಾರದ ಹನ್ನೊಂದು ಕಾರ್ಡಿನಲ್ಲಿ ಒಂದು ಒತ್ತೂ ಹೋಗಿಲ್ಲ. ಆದರೆ ಅದೇ ವಾರ ಪಕ್ಕದ ಮನೆ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಟೆರೇಸ್ ತುಂಬ ಕುರಡಯಿ, ನಮ್ಮ ಸಂಡಿಗೆ ಥರದ್ದು, ಒಣಗಿಸೋಕೆ ಹಾಕಿದ್ದರು. ಜಾಗಕ್ಕೆ ಸಣ್ಣ ಜಟಾಪಟಿ ಆಯಿತು. ಆಮೇಲೆ ಅವರೇ ನಮ್ಮ ಗಾಜನ್ನೂ ಕಾಗೆಯಿಂದ ಕಾದರು, ನಿಮಿಷ ಎಣಿಸಿ ಕೂಗಿ ಹೇಳಿದರು. ಅವರಿಗೆ ಇಸ್ತ್ರಿ ಗಾಡಿಯ ನಾಯಿ ಕಾರ್ಡ್ ಸಿಕ್ಕಿದೆ, ನಮಗೆ ಒಂದು ಡಬ್ಬಿ ಕುರಡಯಿ.

ಈಗ ಹೂವಿನಮ್ಮನ ಕಥೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಅವರ ಬೆರಳಿನ ಫೋಟೋ ನಮ್ಮೆಲ್ಲರ ಪ್ರಕಾರ ಗುಂಪಿನ ಅತ್ಯುತ್ತಮ. ಹೆಬ್ಬೆರಳಿನ ಉಗುರಿನ ಪಕ್ಕ ನಾರು ಕೊರೆದ ಗೆರೆ ಕೂಡ ಕಾಣುತ್ತೆ. ಒಪ್ಪಿಗೆ ಕೇಳಿಯೇ ತೆಗೆದದ್ದು. ಕಾರ್ಡ್ ಕೊಡೋಕೆ ನಾಲ್ಕು ಜನ ಹೋದೆವು. ಅವರದು ತಮಿಳು, ನಮ್ಮದು ಕನ್ನಡ, ನಡುವೆ ಎಲ್ಲರದೂ ಮುರುಕು ಹಿಂದಿ. ತಿರುಗಿಸಿ ತಿರುಗಿಸಿ ನೋಡಿದರು. ಕೈ ಚೆನ್ನಾಗಿದೆ ಅಂದರು. ಆಮೇಲೆ ಕೇಳಿದರು, "ನೀಲಿ ಮಲ್ಲಿಗೆ ಯಾರು ಕೊಳ್ತಾರೆ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದು ಅವರಿಗಾಗಿಯೇ ಬಣ್ಣ ಬದಲಿಸೋಕೆ ಕೂತೆವು. ನೀಲಿ ಅಚ್ಚನ್ನು ತೆಳು ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿದರೆ ನೀಲಿ ಕರಗಿ ಮಾಸಲು ಹಳದಿ ಆಗುತ್ತದೆ. ಎತ್ತಿ ತೊಳೆದು ಕಡಕ್ ಚಹಾದಲ್ಲಿ ಹಾಕಬೇಕು, ಹಾಲು ಸಕ್ಕರೆ ಇಲ್ಲದ್ದು. ಚಹಾದ ಒಗರು ಕಾಗದದಲ್ಲಿರೋ ಕಬ್ಬಿಣಕ್ಕೆ ಸೇರಿ ಕಂದುಗಪ್ಪು ಬರುತ್ತದೆ. ಮೊದಲ ಎರಡನ್ನು ಸೋಡಾದಲ್ಲಿ ಮರೆತು ಕೊಂದೆವು. ಮೂರನೇದು ನಿಂತಿತು. ಬೆರಳು ಬೆರಳಿನ ಬಣ್ಣಕ್ಕೆ ಬಂತು, ಮೊಗ್ಗು ಕಾಗದದ ಬಿಳಿಗೆ ಬದಲು ಚಹಾದ ಕೆನೆಬಣ್ಣಕ್ಕೆ. ಕಾಗದ ಇನ್ನೂ ಸ್ವಲ್ಪ ಚಹಾ ವಾಸನೆ ಹೊಡೆಯುತ್ತೆ.

ಕಳೆದ ಶನಿವಾರ ತಗೊಂಡು ಹೋದೆ. ಅಷ್ಟರಲ್ಲಿ ನೀಲಿ ಕಾರ್ಡು ಅವರ ತಲೆ ಮೇಲಿನ ಹಲಗೆಯಲ್ಲಿ ಮುರುಗನ ಫೋಟೋ ಪಕ್ಕ ನಿಂತಿತ್ತು, ಮೂಲೆಗೆ ಒಂದು ತುಂಡು ಹೂವು ಸಿಕ್ಕಿಸಿಕೊಂಡು. ಕಂದು ಕಾರ್ಡ್ ಕೊಟ್ಟು, ಅದನ್ನು ಬದಲಿಸೋಣ್ವಾ ಅಂದೆ. ಅವರು ನೀಲಿಯನ್ನು ಮುಟ್ಟೋಕೂ ಬಿಡಲಿಲ್ಲ. ಗಿರಾಕಿಗಳೆಲ್ಲ ಅದೇನು ಅಂತ ಕೇಳ್ತಾರಂತೆ. ಕಂದಿನದು ಊರಲ್ಲಿರೋ ತಂಗಿಗೆ, ಅವಳಿಗೂ ಇದೇ ಕೈ ಅಂದರು. ದುಡ್ಡು ಬೇಡ ಅಂದಿದ್ದಕ್ಕೆ ಒಂದು ಮೊಳ ಮಲ್ಲಿಗೆ ಅಳೆದು ಎಲೆಯಲ್ಲಿ ಕಟ್ಟಿಕೊಟ್ಟರು. ಸ್ಲೋ ಲೋಕಲ್‌ನಲ್ಲಿ ಡೊಂಬಿವಲಿವರೆಗೆ ಅದನ್ನು ಜನರ ಮೊಣಕೈಯಿಂದ ಕಾಪಾಡಿಕೊಂಡು ಬರೋದೇ ಒಂದು ಕೆಲಸ ಆಯಿತು.

ಮಳೆ ಶುರುವಾಗಿದೆ. ಬಾಟಲಿಗಳು ಕಪಾಟು ಸೇರಿವೆ. ಸೂರ್ಯ, ಹಕ್ಕಿ, ಭರವಸೆಯ ರಜೆಯೂ ಮುಗಿದಿದೆ. ನಿನ್ನೆ ಒಂದು ಪಾರಿವಾಳದ ಫೋಟೋ ಬಂತು, ಒದ್ದೆಯಾಗಿ ಪೈಪಿನ ಮೇಲೆ ಕೂತು ಭಯಂಕರ ಸಿಟ್ಟಿನಲ್ಲಿದೆ. ಟೀಚರ್ ಪಾಸ್ ಮಾಡಿದ್ದಾರೆ. ಬಿಸಿಲು ಬಂದ ಮೇಲೆ ಮೊದಲು ಅದೇ.