ರಸ್ತೆಯಲ್ಲಿ ಯಾರೂ ‘ಯಾಮೆ’ ಎನ್ನುವುದಿಲ್ಲ

ನನ್ನ ಬಲಗೈ ಮುಷ್ಟಿ ಕಟ್ಟಿದರೆ ಮೂರೇ ಗೆಣ್ಣು ಎದ್ದು ಕಾಣುತ್ತವೆ. ಕಿರುಬೆರಳಿನ ಬುಡದ್ದು ಒಳಕ್ಕೆ ಕುಸಿದಿದೆ. ಯಾವ ಪಂದ್ಯದಲ್ಲೂ ಹಾಗಾಗಿರಲಿಲ್ಲ, ಬೆಂಗಳೂರಿನ ಸುಮನಹಳ್ಳಿ ಬಳಿಯ ಸರ್ವೀಸ್ ರಸ್ತೆಯಲ್ಲಿ ಆಯಿತು. ಕಾಮಾಕ್ಷಿಪಾಳ್ಯದ ಕಟ್ಟಡವೊಂದರ ತಾರಸಿಯಲ್ಲಿ, ತಗಡಿನ ಚಾವಣಿಯ ಕೆಳಗೆ, ಕರಾಟೆ ಕಲಿಸುವುದು ನನ್ನ ಕೆಲಸ. ಆ ಸಂಜೆಯ ಹೊತ್ತಿಗೆ ಹನ್ನೊಂದು ವರ್ಷ ಕಲಿಸಿದ್ದೆ. ಬೋರ್ಡಿನ ಮೇಲೆ ‘ಆತ್ಮರಕ್ಷಣೆ’ ಎಂದು ದೊಡ್ಡದಾಗಿ ಬರೆಸಿದ್ದೆ.

2021ರ ಜುಲೈ ತಿಂಗಳು. ಕೊರೊನಾ ನಿರ್ಬಂಧ ಸಡಿಲವಾಗಿ ತರಗತಿ ಮತ್ತೆ ಶುರುವಾಗಿತ್ತು. ಕಿರಿದಾದ ಜಾಗದಲ್ಲಿ ಒಂದು ಬೈಕ್ ನನ್ನ ಸ್ಕೂಟರಿನ ಕನ್ನಡಿಗೆ ತಾಗಿತು. ಕನ್ನಡಿ ಒಡೆಯಲಿಲ್ಲ, ಬರೀ ತಿರುಗಿತು. “ನೋಡಿಕೊಂಡು ಓಡಿಸಿ” ಎಂದೆ. “ನೀವು ಎಡಕ್ಕೆ ಇರಬೇಕಿತ್ತು” ಎಂದ. ಅಲ್ಲಿಯವರೆಗೂ ಇಬ್ಬರೂ ಬಹುವಚನದಲ್ಲೇ ಇದ್ದೆವು. ಮುಂದಿನ ಮಾತಿಗೆ ‘ನೀನು’ ಎಂದವನು ನಾನು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದೆ, ಹೆಲ್ಮೆಟ್ ತೆಗೆದೆ, ಹತ್ತಿರ ಹೋದೆ, ಅವನ ಮುಖದ ಮುಂದೆ ಬೆರಳು ಆಡಿಸಿದೆ. ಈ ನಾಲ್ಕರಲ್ಲಿ ಒಂದನ್ನು ಬಿಟ್ಟಿದ್ದರೂ ಐದು ನಿಮಿಷದಲ್ಲಿ ಮನೆ ಸೇರಿರುತ್ತಿದ್ದೆ.

ಅವನು ಎದೆಗೆ ಕೈಯಿಟ್ಟು ತಳ್ಳಿದ. ನನ್ನ ಮುಷ್ಟಿ ತಾನಾಗಿಯೇ ಹೊರಟಿತು. ಗಾಳಿಯಲ್ಲಿ ಸಾವಿರಾರು ಸಲ ಬೀಸಿದ ಅದೇ ಹೊಡೆತ. ಅವನು ತಲೆ ತಗ್ಗಿಸಿದ. ಗಲ್ಲಕ್ಕೆಂದು ಹೋದ ಮುಷ್ಟಿ ಹಣೆಗೆ ಬಡಿಯಿತು. ಒಣಕಡ್ಡಿ ಮುರಿದಂಥ ಸದ್ದು ನನ್ನ ಕೈಯೊಳಗಿಂದಲೇ ಬಂತು. ಅವನು ಹಿಂದಕ್ಕೆ ತತ್ತರಿಸಿ ಅಂಗಾತ ಬಿದ್ದ. ಅವನ ತಲೆಗೂ ಫುಟ್‌ಪಾತಿನ ಕಲ್ಲಿನ ಅಂಚಿಗೂ ಒಂದು ಗೇಣು ಅಂತರ. ಆ ಗೇಣು ಜಾಗದಲ್ಲಿ ಒಂದು ಕಾಫಿ ಲೋಟ ಅಪ್ಪಚ್ಚಿಯಾಗಿ ಬಿದ್ದಿತ್ತು. ಕಾಗದದ ಆ ಲೋಟ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಹೊಡೆದವನು ನಿಂತುಬಿಟ್ಟೆ. ಪಂದ್ಯದಲ್ಲಿ ಏಟು ತಾಗಿದ ಕೂಡಲೇ ತೀರ್ಪುಗಾರ ‘ಯಾಮೆ’ ಎಂದು ಕೂಗುತ್ತಾನೆ. ನಿಲ್ಲಿಸಿ ಎಂದು ಅದರ ಅರ್ಥ. ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತಾರೆ. ನನ್ನ ಮೈ ಆ ಕೂಗಿಗೆ ಕಾಯುತ್ತಿತ್ತು. ಬೈಕಿನ ಹಿಂಬದಿಯಲ್ಲಿ ಇನ್ನೊಬ್ಬ ಕುಳಿತಿದ್ದುದನ್ನು ಕಂಡೇ ಇರಲಿಲ್ಲ. ಅವನು ಹೆಲ್ಮೆಟ್ಟಿನಿಂದ ಬೆನ್ನಿಗೆ ಬಾರಿಸಿದಾಗಲೇ ತಿಳಿದದ್ದು.

ಠಾಣೆಯಲ್ಲಿ ರಾಜಿಯಾಯಿತು. ಬಿದ್ದ ಹುಡುಗ ಎದ್ದು ನಡೆದು ಬಂದಿದ್ದ ಎಂಬ ಒಂದೇ ಕಾರಣಕ್ಕೆ ಆಯಿತು. ಕೈಯ ಐದನೆಯ ಮೂಳೆಯ ಮುರಿತವನ್ನು ಎಕ್ಸ್‌ರೇಯಲ್ಲಿ ತೋರಿಸಿದ ವೈದ್ಯರು, ಇದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರು, ಗಟ್ಟಿ ವಸ್ತುವಿಗೆ ಮುಷ್ಟಿಯಿಂದ ಗುದ್ದಿದವರಲ್ಲಿ ಕಾಣುತ್ತದೆ ಎಂದರು. ಐದು ವಾರ ಪ್ಲಾಸ್ಟರ್.

ಆ ಪ್ಲಾಸ್ಟರ್ ಕೈಯಲ್ಲೇ, ಆಗಸ್ಟ್ 7ರಂದು, ಟೋಕಿಯೊ ಒಲಿಂಪಿಕ್ಸಿನ ಕರಾಟೆ ಫೈನಲ್ ನೋಡಿದೆ. ಕರಾಟೆ ಒಲಿಂಪಿಕ್ಸಿಗೆ ಸೇರಿದ್ದು ಅದೇ ಮೊದಲು. ಹೆಚ್ಚು ತೂಕದ ಪುರುಷರ ವಿಭಾಗದಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೀದಿ 4-1ರಿಂದ ಮುಂದಿದ್ದ. ಅವನ ಒದೆತ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿದ. ಮಿತಿ ಮೀರಿದ ಏಟು ಎಂದು ಹಮೀದಿಯನ್ನು ಅನರ್ಹಗೊಳಿಸಿದರು. ಸ್ಟ್ರೆಚರ್ ಮೇಲೆ ಹೊರಹೋದವನಿಗೆ ಚಿನ್ನ ಬಂತು. ಕ್ರೀಡೆಯ ನಿಯಮದ ಪ್ರಕಾರ ಆ ತೀರ್ಪು ಸರಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನ್ನ ಶಿಷ್ಯರಿಗೆ ನಾನು ಕಲಿಸುತ್ತಿದ್ದುದು ಆ ನಿಯಮದ ಒಳಗಿನ ಹೊಡೆದಾಟ, ಹಣ ಪಡೆಯುತ್ತಿದ್ದುದು ಬೀದಿಯಲ್ಲಿ ಕಾಪಾಡುವ ವಿದ್ಯೆಯ ಹೆಸರಿನಲ್ಲಿ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮಾಡಿ ತೋರಿಸಲು ಕೈ ಇಲ್ಲದ್ದರಿಂದ ಆ ವಾರಗಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಶಿಷ್ಯರನ್ನು ನೋಡಿದೆ. ಎಲ್ಲರೂ ಆರಡಿ ದೂರದಲ್ಲಿ ನಿಂತು, ತಲೆಬಾಗಿ ವಂದಿಸಿ, ಮುಷ್ಟಿ ಕಟ್ಟುತ್ತಾರೆ. ಮುಖದ ಹತ್ತಿರ ಹೋದ ಏಟನ್ನು ಚರ್ಮ ತಾಗುವ ಮುನ್ನ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಚೆನ್ನಾಗಿ ಎಳೆದುಕೊಂಡವರಿಗೆ ನಾನು ಶಹಬ್ಬಾಸ್ ಹೇಳುತ್ತಿದ್ದೆ. ಬೀದಿಯ ಜಗಳ ಶುರುವಾಗುವುದು ಮಾತಿನಿಂದ, ತೋಳಳತೆಯಲ್ಲಿ. ಕೊರಳಪಟ್ಟಿ ಹಿಡಿಯುತ್ತಾರೆ, ತಳ್ಳುತ್ತಾರೆ, ಬಲಗೈಯನ್ನು ದೊಡ್ಡದಾಗಿ ಬೀಸುತ್ತಾರೆ. ಇದ್ಯಾವುದಕ್ಕೂ ನಮ್ಮ ತರಗತಿಯಲ್ಲಿ ಉತ್ತರವಿರಲಿಲ್ಲ.

ಭಾನುವಾರದ ತಂಡದಲ್ಲಿ ಪೀಣ್ಯ ಮತ್ತು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳೇ ಹೆಚ್ಚು. ಊಟ, ದಿನಸಿ ತಲುಪಿಸುವ ನಾಲ್ಕಾರು ಹುಡುಗರು, ಒಬ್ಬ ನರ್ಸ್ ಕೂಡ ಇದ್ದರು. ಪ್ಲಾಸ್ಟರ್ ತೆಗೆದ ವಾರ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಿಮಗೆ ನಿಜವಾಗಿ ಏನಾಗಿದೆ ಬರೆಯಿರಿ, ಹೆಸರು ಬೇಡ ಎಂದೆ. ‘ಬಸ್ಸಿನಲ್ಲಿ ಹಿಂದಿನಿಂದ ಸೊಂಟಕ್ಕೆ ಕೈ.’ ‘ಒಂಬತ್ತೂವರೆಗೆ ಸ್ಟಾಪಿನಿಂದ ಮನೆವರೆಗೆ ಒಬ್ಬ ಹಿಂದೆಯೇ ಬರುತ್ತಾನೆ.’ ‘ಆರ್ಡರ್ ತಡವಾಯಿತೆಂದು ಗಿರಾಕಿ ಕೊರಳಪಟ್ಟಿ ಹಿಡಿದರು.’ ‘ಬೈಕಿನವನು ಸರಕ್ಕೆ ಕೈ ಹಾಕಿದ.’ ‘ವಾರ್ಡಿನಲ್ಲಿ ರೋಗಿಯ ಕಡೆಯವರು ಸುತ್ತುವರಿದರು.’ ಪಂದ್ಯದಲ್ಲಿ ಬರುವಂಥ ಒಂದು ಒದೆತವೂ ಆ ಚೀಟಿಗಳಲ್ಲಿ ಇರಲಿಲ್ಲ. ಅವುಗಳನ್ನು ಒಂದು ಡಬ್ಬದಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಪಠ್ಯಪುಸ್ತಕ ಅದು.

ಚೀಟಿಗಳನ್ನು ನೆಲದ ಮೇಲೆ ಹರಡಿ ವಿಂಗಡಿಸಿದಾಗ ಮೂರು ಗುಂಪಾದವು. ಮೊದಲನೆಯದು ಅಹಂಕಾರದ ಜಗಳ. ರಸ್ತೆಯಲ್ಲಿ, ಪಾರ್ಕಿಂಗಿನಲ್ಲಿ, ಚಿಲ್ಲರೆಗಾಗಿ ನಡೆಯುವಂಥದ್ದು, ನನ್ನದೂ ಅದೇ. ಇಲ್ಲಿ ಬಿಟ್ಟುಕೊಟ್ಟರೆ ಜಗಳ ಮುಗಿಯುತ್ತದೆ. ಆದ್ದರಿಂದ ಮೊದಲ ಪಾಠ ನಾಲಿಗೆಗೆ. ಎದುರಿನವನು ಏಕವಚನಕ್ಕೆ ಇಳಿದರೂ ನೀವು ಇಳಿಯಬೇಡಿ. ‘ನೀವು’ ಎನ್ನುವ ಮಾತಿನ ಜೊತೆ ಕೈ ಎತ್ತುವುದು ಯಾರಿಗೂ ಸುಲಭವಲ್ಲ, ‘ಲೋ’ ಎಂದ ಬಾಯಿಯ ಹಿಂದೆಯೇ ಕೈ ಬರುತ್ತದೆ. “ತಪ್ಪಾಯಿತು, ಹೋಗಿ ಬನ್ನಿ” ಎಂಬುದನ್ನು ತಮಿಳು, ತೆಲುಗು, ಹಿಂದಿಯಲ್ಲೂ ಬಾಯಿಪಾಠ ಮಾಡಿಸುತ್ತೇನೆ, ಈ ಊರಿನಲ್ಲಿ ಅದು ಬೇಕು. ಅಂಗೈಗಳನ್ನು ತೆರೆದು ಎದೆಯ ಎತ್ತರಕ್ಕೆ ಹಿಡಿಯಬೇಕು. ನೋಡುವವರಿಗೂ ಸಿಸಿಟಿವಿಗೂ ಅದು ‘ಬೇಡ ಸ್ವಾಮಿ’ ಎನ್ನುವ ಭಂಗಿ. ಏಟು ಬಂದರೆ ಅಲ್ಲಿಂದಲೇ ತಡೆಯಬಹುದು. ಎರಡು ತೋಳಿನ ದೂರ, ಒಂದು ಕಾಲು ಹಿಂದೆ, ಹೆಲ್ಮೆಟ್ ತಲೆಯ ಮೇಲೆಯೇ.

ಎರಡನೆಯದು ಬೇಟೆ. ಹಿಂಬಾಲಿಸುವವನು, ಬಸ್ಸಿನಲ್ಲಿ ಕೈಯಾಡಿಸುವವನು. ಇವನ ಮುಂದೆ ತಗ್ಗಿದಷ್ಟೂ ಧೈರ್ಯ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಎಲ್ಲ ಉಲ್ಟಾ. ತಿರುಗಿ ನಿಂತು, ಮುಖ ನೋಡಿ, ಹೊಟ್ಟೆಯಿಂದ ದನಿ ತೆಗೆದು ಕೂಗಬೇಕು: “ಹಿಂದೆ ಸರಿ! ನೀಲಿ ಅಂಗಿಯವನೇ, ಕೈ ತೆಗೆ!” ಅಂಗಿಯ ಬಣ್ಣ ಹೇಳಿದರೆ ಸುತ್ತಲಿನವರ ಕಣ್ಣು ಅವನ ಮೇಲೆ ಬೀಳುತ್ತದೆ. ಇದನ್ನು ಕಲಿಸುವುದು ಒದೆತ ಕಲಿಸುವುದಕ್ಕಿಂತ ಕಷ್ಟ. ಮೆಲ್ಲಗೆ ಮಾತಾಡು ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಗಂಟಲಿನಿಂದ ದನಿಯೇ ಹೊರಡುವುದಿಲ್ಲ. ಮೂರು ಭಾನುವಾರ ಬಾಯಿ ತೆರೆಯದ ಒಬ್ಬ ತಾಯಿ ನಾಲ್ಕನೆಯ ಭಾನುವಾರ ಕೂಗಿದಾಗ ಎದುರು ಮನೆಯವರು ಬಾಗಿಲು ತೆರೆದು ನೋಡಿದರು. ಆಕೆ ಅಳುತ್ತಿದ್ದರು, ನಗುತ್ತಲೂ ಇದ್ದರು.

ಮೂರನೆಯದು ಕಿತ್ತುಕೊಳ್ಳುವವನು. ಮೊಬೈಲ್, ಬ್ಯಾಗು, ಹಣ ಏನೇ ಕೇಳಲಿ, ಕೊಟ್ಟು ಓಡಿ. ಚಾಕು ಕಂಡರಂತೂ ಬೇರೆ ಮಾತೇ ಇಲ್ಲ. ಬರಿಗೈಯಲ್ಲಿ ಚಾಕು ಕಿತ್ತುಕೊಳ್ಳುವ ಪಟ್ಟು ಹಿಂದೆ ಕಲಿಸುತ್ತಿದ್ದೆ, ನಿಲ್ಲಿಸಿದ್ದೇನೆ. ಒಮ್ಮೆ ರಬ್ಬರ್ ಚಾಕುವಿಗೆ ಕುಂಕುಮ ಸವರಿ, ಎರಡು ವರ್ಷ ಕಲಿತ ಶಿಷ್ಯನಿಗೆ ತಡೆಯಲು ಹೇಳಿದೆ. ಹತ್ತು ಸೆಕೆಂಡಿನಲ್ಲಿ ಅವನ ಬಿಳಿ ಅಂಗಿಯ ಹೊಟ್ಟೆ, ಮುಂಗೈ, ಕುತ್ತಿಗೆಯೆಲ್ಲ ಕೆಂಪು.

‘ಕೊಟ್ಟುಬಿಡಿ’ ಎಂದಾಗ ಒಬ್ಬರು ಎದ್ದು ನಿಂತು ಕೇಳಿದರು: “ತಾಳಿಯನ್ನು ಹೇಗೆ ಕೊಡುವುದು, ಮಾಸ್ಟರ್?” ನನ್ನಲ್ಲಿ ಉತ್ತರವಿರಲಿಲ್ಲ. ಬೈಕಿನವನು ಎಳೆಯುವಾಗ ಸರವನ್ನು ಹಿಡಿದುಕೊಂಡರೆ ರಸ್ತೆಯ ಮೇಲೆ ಬೀಳುತ್ತಾರೆ ಎಂದಷ್ಟೇ ಹೇಳಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ನಾನು ಸರವನ್ನು ಬೀರುವಿನಲ್ಲಿಟ್ಟು ತಾಳಿಯನ್ನು ಅರಿಶಿನದ ದಾರದಲ್ಲಿ ಕಟ್ಟಿಕೊಂಡೇ ಕೆಲಸಕ್ಕೆ ಬರುವುದು, ನೋಡಮ್ಮ” ಎಂದು ರವಿಕೆಯಿಂದ ದಾರದ ಅಂಚನ್ನು ತೆಗೆದು ತೋರಿಸಿದರು. ಆ ಪಾಠ ನನ್ನಿಂದ ಬಂದದ್ದಲ್ಲ, ಈಗ ಪ್ರತಿ ತಂಡಕ್ಕೂ ಹೇಳುತ್ತೇನೆ.

ಮೈಯ ಪಾಠ ಈಗ ಬಹಳ ಕಡಿಮೆ. ಮುಷ್ಟಿಯ ಬದಲು ಅಂಗೈ ಬುಡದಿಂದ ಹೊಡೆಯುವುದು. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆಯುವುದು, ಏಕೆಂದರೆ ಹಿಡಿತದ ಸಡಿಲ ಜಾಗ ಅಲ್ಲಿದೆ. ಜಡೆ ಹಿಡಿದರೆ ಅವನ ಕೈಯನ್ನು ಎರಡೂ ಕೈಯಿಂದ ತಲೆಗೇ ಒತ್ತಿಕೊಂಡು ಅವನತ್ತಲೇ ನುಗ್ಗುವುದು. ಬಿದ್ದರೆ ಗಲ್ಲವನ್ನು ಎದೆಗೆ ಒತ್ತಿ ತಲೆಯನ್ನು ನೆಲದಿಂದ ಉಳಿಸುವುದು. ಈ ಕೊನೆಯದನ್ನು ನಾನು ಎಷ್ಟು ಸಲ ಮಾಡಿಸುತ್ತೇನೆಂದರೆ ಹೊಸಬರಿಗೆ ಬೇಸರ ಬರುತ್ತದೆ. ಬೀದಿಜಗಳದಲ್ಲಿ ಜೀವ ಹೋಗುವುದು ಎಷ್ಟೋ ಸಲ ಏಟಿನಿಂದಾಗಿರದೆ ನೆಲಕ್ಕೆ ತಲೆ ಬಡಿದು ಆಗಿರುತ್ತದೆ. ಒಂದು ಗೇಣು ಅಂತರವನ್ನು ಕಂಡವನು ನಾನು.

ಸಮವಸ್ತ್ರ ಹಾಕಿಕೊಂಡು ಬರಬೇಡಿ, ಕೆಲಸಕ್ಕೆ ಹೋಗುವ ಬಟ್ಟೆಯಲ್ಲೇ ಬನ್ನಿ ಎನ್ನುತ್ತೇನೆ. ಸೀರೆ, ಚಪ್ಪಲಿ, ಹೆಗಲಲ್ಲಿ ಊಟದ ಡಬ್ಬಿಯ ಬ್ಯಾಗು. ಹಾಗೆಯೇ ಮೂರು ಮಹಡಿ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಸಿ, ಉಸಿರು ಮೇಲೆ ಕೆಳಗಾಗುತ್ತಿರುವಾಗ ಮೊಬೈಲಿನಲ್ಲಿ 112 ಒತ್ತಲು ಹೇಳುತ್ತೇನೆ, ಕರೆ ಮಾಡದೆ. ಬೆವರಿದ ಬೆರಳಿಗೆ ಲಾಕ್ ತೆರೆಯುವುದಿಲ್ಲ, ಅಂಕಿಗಳು ತಪ್ಪುತ್ತವೆ. ನಿಜವಾದ ಭಯದಲ್ಲಿ ಇದಕ್ಕಿಂತ ಹೆಚ್ಚು ನಡುಗುತ್ತದೆ. ಹಲವು ಮೊಬೈಲುಗಳಲ್ಲಿ ಪವರ್ ಗುಂಡಿಯನ್ನು ಪದೇ ಪದೇ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆಯಿದೆ. ಅದನ್ನು ಅಲ್ಲೇ ಕುಳಿತು ಹೊಂದಿಸಿಕೊಳ್ಳುತ್ತಾರೆ.

ಕಾನೂನನ್ನೂ ಹೇಳಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ. 37ನೇ ಸೆಕ್ಷನ್ ಅದಕ್ಕೆ ಬೇಲಿ ಹಾಕುತ್ತದೆ: ಕಾಪಾಡಿಕೊಳ್ಳಲು ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಅಪಾಯದ ಭಯ ಮುಗಿದಲ್ಲಿಗೆ ಹಕ್ಕೂ ಮುಗಿಯುತ್ತದೆ, ಬಿದ್ದವನನ್ನು ಒದ್ದರೆ ಆರೋಪಿ ನೀವೇ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. 2024ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಬಳಸಿದ್ದ ಜಗಳವೊಂದರ ಪ್ರಕರಣ ರದ್ದುಮಾಡಲು ಒಪ್ಪದೆ, ಆ ಸ್ಪ್ರೇಯನ್ನು ಅಪಾಯಕಾರಿ ಆಯುಧ ಎಂದಿತು. ಅಲ್ಲಿ ಜೀವಭಯವಿರಲಿಲ್ಲ ಎಂಬುದು ನ್ಯಾಯಾಲಯ ಎತ್ತಿ ಹೇಳಿದ ಅಂಶ.

ಹೋದ ತಿಂಗಳು ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ತರಗತಿ ಶುರುವಾಗುವ ಮುನ್ನವೇ ಬಂದು ನಿಂತಿದ್ದಳು. ಮುಖ ಸಪ್ಪಗಿತ್ತು. “ಮಾಸ್ಟರ್, ಗುರುವಾರ ರಾತ್ರಿ ಒಬ್ಬ ಹಿಂದೆ ಬಂದ. ಎರಡು ಸಲ ರಸ್ತೆ ದಾಟಿದೆ, ಅವನೂ ದಾಟಿದ. ನೀವು ಹೇಳಿಕೊಟ್ಟ ಏಟು ಒಂದೂ ಹೊಡೆಯಲಿಲ್ಲ. ಕೂಗಲೂ ಇಲ್ಲ. ಬೇಕರಿಗೆ ನುಗ್ಗಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತುಬಿಟ್ಟೆ. ಬೇಕರಿಯವರು ಬಾದಾಮಿ ಹಾಲು ಕೊಟ್ಟರು. ಅಣ್ಣ ಬರುವವರೆಗೂ ಅಲ್ಲೇ ಇದ್ದೆ” ಎಂದಳು. ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಿತ್ತಂತೆ. ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳುತ್ತಿದ್ದಳು. ಹನ್ನೊಂದು ವರ್ಷ ಕಲಿಸಿದ ಮಾಸ್ಟರ್‌ಗೆ ಸುಮನಹಳ್ಳಿಯಲ್ಲಿ ಮಾಡಲಾಗದ್ದನ್ನು ನೀನು ಮಾಡಿದ್ದೀಯ ಎಂದು ನನ್ನ ಕೈಯ ಗೆಣ್ಣು ತೋರಿಸಿದೆ.

ಅವಳು ಒಂದು ಕ್ಷಣ ಯೋಚಿಸಿ ಕೇಳಿದಳು: “ಬೇಕರಿ ಮುಚ್ಚಿದ್ದರೆ?”

ಅಂದು ಪಂಚಿಂಗ್ ಪ್ಯಾಡ್ ಹೊರಗೆ ತೆಗೆಯಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. ಸ್ಟಾಪಿನಿಂದ ಮನೆಯವರೆಗಿನ ದಾರಿಯನ್ನು ಬರೆದು, ರಾತ್ರಿ ಹತ್ತರ ಮೇಲೂ ತೆರೆದಿರುವ ಔಷಧಿ ಅಂಗಡಿ, ಎಟಿಎಂ ಕಾವಲುಗಾರ, ಆಟೊ ನಿಲ್ದಾಣ, ದೀಪವಿಲ್ಲದ ತಿರುವು, ಪರಿಚಯದವರ ಮನೆಗಳನ್ನು ಗುರುತಿಸಿದರು. ಅವಳ ಹಾಳೆಯಲ್ಲಿ ಬೇಕರಿಯಿಂದ ಮನೆಯವರೆಗೆ ಇನ್ನೂರು ಹೆಜ್ಜೆ ಏನೂ ಇರಲಿಲ್ಲ. ತರಗತಿ ಮುಗಿದ ಮೇಲೆ ಆರು ಜನ ಅವಳೊಂದಿಗೆ ಅಲ್ಲಿಗೆ ನಡೆದು ಹೋಗಿ, ಎರಡು ಮನೆಗಳ ಬಾಗಿಲು ತಟ್ಟಿ ಪರಿಚಯ ಮಾಡಿಕೊಂಡು ಬಂದೆವು.